ನೆಟ್ಟ ಕಾಡು, ಬಿಟ್ಟ ಕಾಡು

ಜನವರಿ 14

ಮಗಳಿಗೆ,

ನಾನು ದಂಡೆಯ ಹೆಂಗಸರ ಸಂಘದ ಅಧ್ಯಕ್ಷೆ. ಇಪ್ಪತ್ತೆರಡು ವರ್ಷಗಳಿಂದ ಆ ಕುರ್ಚಿಯಲ್ಲಿ ನಾನೇ ಕೂತಿದ್ದೇನೆ, ಒಂದು ಸಲವೂ ನನ್ನೆದುರು ಯಾರೂ ನಿಂತಿಲ್ಲ. ಅಳಿವೆಯ ಉತ್ತರ ದಡದಲ್ಲಿ, ಇಲಾಖೆಯ ನಕ್ಷೆಯಲ್ಲಿ ಹಸಿರು ಬಳಿದು ‘ನೆಟ್ಟ ಕಾಡು’ ಎಂದು ಬರೆದಿರುವ ನಲವತ್ತು ಎಕರೆ ಕಾಂಡ್ಲಾ ಕಾಡು, ಉಪ್ಪುನೀರಿನ ಕೆಸರಿನಲ್ಲಿ ಬೇರೂರುವ ಆ ಕಾಡು, ನಾನು ಮೂವತ್ತು ಹೆಂಗಸರನ್ನು ಕಟ್ಟಿಕೊಂಡು ನೆಡಿಸಿದ್ದು. ಹೈಸ್ಕೂಲು ಮುಗಿಸಿದ್ದೇನೆ. ಇಲಾಖೆಯವರು ಯಾರೇ ಬಂದರೂ ಮೊದಲು ನನ್ನ ಮನೆಯಲ್ಲಿ ಚಹಾ ಕುಡಿದು, ಆಮೇಲೆ ಕೆಸರಿಗೆ ಇಳಿಯುತ್ತಾರೆ. ಇದೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ. ಆದರೆ ಕಳೆದ ವಾರ ನೀನು ಇಲಾಖೆಯವಳಾಗಿ ಬಂದೆ, ಇಲಾಖೆಯವಳಾಗಿಯೇ ಹೋದೆ. ಇಲಾಖೆಯವರಿಗೆ ನನ್ನ ಪರಿಚಯ ಹೇಳುವುದು ನನ್ನ ರೂಢಿ.

ಐದು ದಿನ ಇದ್ದೆಯಂತೆ. ಐದು ದಿನವೂ ಬಂದರಿನ ವಸತಿಗೃಹದಲ್ಲಿ ಮಲಗಿ, ಬಾಡಿಗೆ ದೋಣಿಯಲ್ಲಿ ಬಂದು, ನನ್ನ ಮರಗಳಿಗೆ ಟೇಪು ಹಿಡಿದು ಅಳೆದೆಯಂತೆ. ನನಗೆ ಸುದ್ದಿ ತಂದದ್ದು ನಿನ್ನ ಚಿಕ್ಕಮ್ಮ. ನಗು ತಡೆದುಕೊಂಡು ಹೇಳಿದಳು: “ಅಕ್ಕಾ, ನಿಮ್ಮ ಮಗಳು ದರ್ಜಿ ಕೆಲಸ ಕಲ್ತಿದ್ದಾಳೆ. ಒಂದೊಂದು ಮರಕ್ಕೂ ಎದೆ ಅಳತೆ ತಗೊಳ್ತಿದ್ದಾಳೆ. ನಿಮಗೂ ಒಂದು ಜಂಪರ್ ಹೊಲಿಸ್ಕೊಳ್ಳಿ.” ನಾನು ನಗಲಿಲ್ಲ. ಮೂವತ್ತು ಹೆಂಗಸರ ಮುಂದೆ ನನ್ನ ಮಗಳು ನನ್ನ ಮನೆಯ ಮೆಟ್ಟಿಲು ಹತ್ತದೆ ಹೋದಳು ಎಂಬುದರಲ್ಲಿ ನಗುವಂಥದ್ದು ನನಗೆ ಕಾಣಲಿಲ್ಲ.

ಅಳೆಯುವುದಾದರೆ ನನ್ನನ್ನು ಕೇಳಿ ಅಳೆ. ದಕ್ಷಿಣ ದಡದಲ್ಲಿರುವ ಹಳೆ ಕಾಡನ್ನು ಯಾರೂ ನೆಟ್ಟಿಲ್ಲ, ಆದ್ದರಿಂದ ಅದರ ಬಗ್ಗೆ ಯಾರನ್ನೂ ಕೇಳಬೇಕಾಗಿಲ್ಲ. ಉತ್ತರ ದಡದ್ದು ಹಾಗಲ್ಲ. ಅದರ ಒಂದೊಂದು ಸಾಲಿನ ಹುಟ್ಟಿದ ದಿನ ನನಗೆ ಬಾಯಿಪಾಠ.

ಫೋನು ಮಾಡಬೇಡ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಅದು ಆಗುವುದಿಲ್ಲ.

ನಿನ್ನ ತಾಯಿ,
ಅಧ್ಯಕ್ಷೆ, ದಂಡೆಯ ಹೆಂಗಸರ ಸಂಘ

*

ಫೆಬ್ರವರಿ 3

ಅಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಮನೆಗೆ ಯಾಕೆ ಬರಲಿಲ್ಲ ಎಂದು ನೀವು ಕೇಳಿಲ್ಲ, ಬರಲಿಲ್ಲ ಎಂದಷ್ಟೇ ಬರೆದಿದ್ದೀರಿ. ಆದರೂ ಉತ್ತರ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ನನ್ನ ಮದುವೆಯ ಕಾರ್ಡನ್ನು ಲಕೋಟೆಯನ್ನೂ ಒಡೆಯದೆ ವಾಪಸು ಕಳಿಸಿದಿರಿ. ನನ್ನ ಲಕೋಟೆಯನ್ನೇ ಒಡೆಯದ ಮನೆಗೆ ಹೇಗೆ ಬರಬೇಕು ಎಂದು ನನಗೆ ತಿಳಿಯಲಿಲ್ಲ.

ಈಗ ಕೆಲಸದ ಮಾತು. ಅಳಿವೆಯ ದಡ ಕೊಚ್ಚಿಹೋಗುತ್ತಿರುವ ಕಡೆಗಳಲ್ಲಿ ಮತ್ತೆ ಕಾಡು ಎಬ್ಬಿಸಬೇಕು ಎಂದು ಇಲಾಖೆಯ ಯೋಜನೆ. ಅದಕ್ಕೆ ಮೊದಲು, ನೆಟ್ಟ ಕಾಡು ತಾನಾಗಿ ಬೆಳೆದ ಕಾಡಿಗೆ ಎಷ್ಟರ ಮಟ್ಟಿಗೆ ಸಮ ಎಂದು ನೋಡಬೇಕು. ಎರಡೂ ದಡಗಳಲ್ಲಿ ಹತ್ತು ಮೀಟರಿನ ಚೌಕಗಳನ್ನು ಹಗ್ಗ ಕಟ್ಟಿ ಗುರುತು ಮಾಡಿದ್ದೇನೆ. ಪ್ರತಿ ಚೌಕದಲ್ಲಿ ಮರದ ಸುತ್ತಳತೆ, ಜಾತಿ, ಕೆಸರಿನ ಆಳ, ಏಡಿಯ ಬಿಲಗಳು, ಮುಖ್ಯವಾಗಿ ಮೊಣಕಾಲೆತ್ತರಕ್ಕಿಂತ ಕೆಳಗಿನ ಎಳೆಗಿಡಗಳು. ಕಾಡಿಗೆ ಮುಂದೆ ಬದುಕಿದೆಯೋ ಇಲ್ಲವೋ ಎಂದು ಹೇಳುವುದು ಎಳೆಗಿಡಗಳೇ. ಈ ವರದಿ ನನ್ನ ಒಬ್ಬಳ ಹೆಸರಿನಲ್ಲಿ ಬರುವ ಮೊದಲನೆಯದು. ಇದರ ಮೇಲೆ ನನ್ನ ಕೆಲಸ ಕಾಯಂ ಆಗುವುದು ನಿಂತಿದೆ.

ನೀವು ಕೇಳಿ ಅಳೆ ಎಂದಿದ್ದೀರಿ. ಕೇಳುತ್ತಿದ್ದೇನೆ. ನೆಟ್ಟದ್ದು ಯಾವ ಜಾತಿ? ಯಾವ ಸಾಲು ಯಾವ ವರ್ಷದ್ದು? ಮೊದಲು ನೆಟ್ಟ ಮೇಲೆ, ಎಂದಾದರೂ ಬೇರೆ ಕಡೆಯಿಂದ ಎಳೆಗಿಡ ತಂದು ಆ ಕಾಡಿನೊಳಗೆ ಇಟ್ಟಿದ್ದೀರಾ? ಕೊನೆಯದಕ್ಕೆ ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.

ಇಂತಿ,
ನಿಮ್ಮ ಮಗಳು

*

ಫೆಬ್ರವರಿ 21

ಮಗಳಿಗೆ,

ಹೆತ್ತವಳಿಗೆ ‘ನೀವು’ ಎಂದು ಬರೆಯುವಷ್ಟು ಓದಿದ್ದೀಯ. ಸಂತೋಷ.

ಕಾರ್ಡಿನ ವಿಷಯ: ಕಾರ್ಡು ಅಂಚೆಯಲ್ಲಿ ಬರುವುದು ಊರಿನವರಿಗೆ. ತಾಯಿಗೆ ಮಗಳು ಬಂದು ಹೇಳುತ್ತಾಳೆ. ನಿನ್ನ ಗಂಡನನ್ನು, ಆ ನಕ್ಷೆ ಬರೆಯುವವನನ್ನು, ನಾನು ಬೇಡ ಎನ್ನಲಿಲ್ಲ, ನನ್ನನ್ನು ಕೇಳಿಯೇ ಇರಲಿಲ್ಲವಲ್ಲ, ಬೇಡ ಎನ್ನಲು. ಇದನ್ನು ಇಲ್ಲಿಗೆ ಬಿಡೋಣ.

ಜಾತಿ ಒಂದೇ. ಕೋಲಿನಂಥ ಉದ್ದನೆಯ ಕೋಡು ಬಿಡುತ್ತದಲ್ಲ, ಅದು. ಕೋಡನ್ನು ನೇರ ಕೆಸರಿಗೆ ಚುಚ್ಚಿದರೆ ಆಯಿತು, ಅದಕ್ಕೇ ಎಲ್ಲರೂ ಅದನ್ನೇ ನೆಡುತ್ತಾರೆ. ದಡದ ಕಡೆಯ ಹದಿನಾರು ಸಾಲು ಮೊದಲ ವರ್ಷದ್ದು. ನಿನಗಾಗ ಹನ್ನೊಂದು ವರ್ಷ, ಹಗ್ಗ ಹಿಡಿದು ನಿಲ್ಲುತ್ತಿದ್ದೆ, ಅಳತೆ ನೇರ ಬರಲೆಂದು. ನಡುವಿನ ಸಾಲುಗಳು ಮುಂದಿನ ನಾಲ್ಕು ವರ್ಷದವು. ನೀರಿನ ಅಂಚಿನವು ಎರಡು ಸಲ ಕೊಚ್ಚಿಹೋದವು, ಮೂರನೆಯ ಸಲ ನಿಂತವು. ಆ ಮೂರನೆಯ ಸಲ ನಾನು ಸೊಂಟದವರೆಗೆ ನೀರಿನಲ್ಲಿ ನಿಂತು ನೆಡಿಸಿದೆ. ನಿನ್ನಪ್ಪ ದಡದಲ್ಲಿ ನಿಂತು, ದೋಣಿಗೆ ಕೀಲು ಹೊಡೆಯುವ ಸುತ್ತಿಗೆಯನ್ನೂ ಕೆಳಗಿಡದೆ ಕೂಗಿದ್ದರು: “ಕಡಲಿಗೆ ಬೇಡದ್ದನ್ನ ಕಡಲಿನ ಬಾಯಿಗೆ ತುರುಕಬೇಡ ಮಾರಾಯ್ತಿ, ಉಗುಳತ್ತೆ ಅದು.” ಉಗುಳಲಿಲ್ಲ. ಅವರು ಹೋದರು, ಸಾಲು ಇದೆ.

ನಿನ್ನ ಕೊನೆಯ ಪ್ರಶ್ನೆಗೆ: ಇಲ್ಲ. ನನ್ನ ಕಾಡಿಗೆ ಯಾರ ಮನೆಯ ಎಳೆಗಿಡದ ಹಂಗೂ ಇಲ್ಲ.

ನಿನ್ನ ತಾಯಿ,
ಅಧ್ಯಕ್ಷೆ

*

ಮೇ 6

ಅಮ್ಮಾ,

ಇದು ಇಲಾಖೆಯವಳ ಕಾಗದವಲ್ಲ. ವರದಿ ಅಚ್ಚಾಯಿತು. ಒಂದು ಪ್ರತಿ ನಿನಗೆ ಬೇರೆ ಕಳಿಸಿದ್ದೇನೆ, ಆದರೆ ಅದರಲ್ಲಿ ಬರೀ ಕೋಷ್ಟಕ. ವಿಷಯ ನಾನು ಇಲ್ಲಿ ಹೇಳುತ್ತೇನೆ.

ನಿಜ ಹೇಳಲಾ? ನಿನ್ನ ಕಾಡು ಸೋಲುತ್ತದೆ ಎಂದುಕೊಂಡೇ ನಾನು ಬಂದಿದ್ದೆ. ಸೋಲಲಿ ಎಂದು ಸ್ವಲ್ಪ ಆಸೆಯೂ ಇತ್ತು. ಬೇರೆ ಕಡೆ ನಾನು ನೋಡಿದ ನೆಟ್ಟ ಕಾಡುಗಳೆಲ್ಲ ಹಾಗೇ: ಒಂದೇ ವಯಸ್ಸು, ಒಂದೇ ಎತ್ತರ, ಬೆಂಕಿಕಡ್ಡಿ ನಿಲ್ಲಿಸಿದ ಹಾಗೆ. ಕೆಳಗೆ ಬರಿ ಕೆಸರು, ಏಡಿ ಇಲ್ಲ, ಮರಿಗಿಡ ಇಲ್ಲ. ನಿನ್ನದರಲ್ಲಿಯೂ ಮರಗಳು ತೆಳ್ಳಗಿವೆ. ಕೆಸರು ಹಳೆ ಕಾಡಿನ ಮೂರರಲ್ಲೊಂದು ಪಾಲೂ ಇಲ್ಲ. ಏಡಿಯ ಬಿಲಗಳೂ ಕಡಿಮೆಯೇ. ಆದರೆ ಎಳೆಗಿಡಗಳು! ಹಳೆ ಕಾಡಿನ ಚೌಕವೊಂದರಲ್ಲಿ ನನಗೆ ಸಿಕ್ಕಿದ್ದು ಆರೋ ಏಳೋ. ನಿನ್ನದರಲ್ಲಿ ಇಪ್ಪತ್ತೈದು, ಒಂದೊಂದು ಕಡೆ ಮೂವತ್ತು. ಅದೂ ನೀನು ನೆಟ್ಟ ಜಾತಿಯೊಂದೇ ಅಲ್ಲ. ಪೆನ್ಸಿಲಿನಂಥ ಉಸಿರುಬೇರು ಎಬ್ಬಿಸುವುದು, ಎಲೆ ಮುರಿದರೆ ಹಾಲು ಬರುವುದು, ಬೇರು ಮಂಡಿ ಮಡಚಿದಂತೆ ಇರುವುದು. ಸಾಲಿನಲ್ಲೂ ಇಲ್ಲ, ಅಲ್ಲೊಂದು ಇಲ್ಲೊಂದು, ನೀರು ತಂದು ಬಿಟ್ಟ ಹಾಗೆ. ನಾನು ಕೆಸರಿನಲ್ಲಿ ಕೂತು ಎರಡು ಸಲ ಎಣಿಸಿದೆ.

ಇದರ ಅರ್ಥ ನಿನ್ನ ಕಾಡು ತಾನಾಗಿ ಕಾಡಾಗುತ್ತಿದೆ ಎಂದು. ನೀನು ನೆಟ್ಟದ್ದು ಬೇರೆಯವಕ್ಕೆ ನೆರಳಾಗಿದೆ. ಹಳೆ ಕಾಡಿಗೆ ಮುಪ್ಪು ಬಂದಿದೆ, ಕೊಡೆಯ ಹಾಗೆ ಮುಚ್ಚಿಕೊಂಡು ಕೆಳಗೆ ಮರಿ ಬರಲು ಬಿಡುತ್ತಿಲ್ಲ. ಹಾಗೆಂದೇ ಬರೆದಿದ್ದೇನೆ. ಮೇಲಿನ ಸಾಹೇಬರು ಓದಿ, “ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ” ಎಂದರು. ನಾನು ಯಾರ ಮಗಳು ಎಂದು ಅವರಿಗೆ ಹೇಳಿರಲಿಲ್ಲ. ಹೇಗೋ ಗೊತ್ತಾಗಿದೆ.

ನೀನು ಗೆದ್ದೆ. ಬೇಜಾರಿಲ್ಲದೆ ಬರೆಯುತ್ತಿದ್ದೇನೆ. ಸಣ್ಣವಳಿದ್ದಾಗ ಹಗ್ಗ ಹಿಡಿದು ಕಾಲು ಮರಗಟ್ಟಿ ನಿಂತಿದ್ದಾಗೆಲ್ಲ ನಿನ್ನನ್ನು ಬೈದುಕೊಂಡಿದ್ದೆ. ಈಗ ಆ ಹಗ್ಗದ ಸಾಲಿನಲ್ಲಿ ನನ್ನದೂ ಒಂದು ಕೈ ಇದೆ ಎಂದು ಹೇಳಿಕೊಳ್ಳಲು ಆಸೆಯಾಗುತ್ತಿದೆ.

ಬರಲಾ ಒಮ್ಮೆ? ನಮ್ಮವರನ್ನೂ ಕರೆದುಕೊಂಡು?

ನಿನ್ನ
ಮಗಳು

*

ಮೇ 19

ಮಗಳಿಗೆ,

ಕಾಗದ ಬಂತು, ವರದಿಯೂ ಬಂತು. ಕಾಗದವನ್ನು ಸಂಘದ ಕೋಣೆಯಲ್ಲಿ ಹೆಂಗಸರಿಗೆ ಓದಿ ಹೇಳಿದೆ. ಕೊನೆಯ ನಾಲ್ಕು ಸಾಲು ಬಿಟ್ಟೆ. ಎಳೆಗಿಡಗಳ ಭಾಗ ಬಂದಾಗ ಬಲೆ ಹೆಣೆಯುವವಳ ಸೂಜಿ ನಿಂತಿತು. ನಿನ್ನ ಚಿಕ್ಕಮ್ಮ ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು.

ಈಗ ಬರಬೇಡ. ಕೋಡು ಆಯುವ ಕಾಲ ಹತ್ತಿರ ಬಂತು, ಮನೆಯಲ್ಲಿ ನಿಲ್ಲಲು ಪುರುಸೊತ್ತಿಲ್ಲ. ನಿನ್ನವನ ಆರೋಗ್ಯ ನೋಡಿಕೋ.

ನಿನ್ನ ತಾಯಿ

*

ಜುಲೈ 10

ಮಗಳಿಗೆ,

ಇದನ್ನು ಕೂತು ಓದು. ನಿಂತು ಓದಿ ಅರ್ಧಕ್ಕೆ ಮಡಚಬೇಡ.

ಹೋದ ಶುಕ್ರವಾರ ನಿನ್ನ ಚಿಕ್ಕಮ್ಮ ಬಂದಳು. ಒಳಗೆ ಬಾ ಎಂದೆ, ಬರಲಿಲ್ಲ. ಹೊಸ್ತಿಲಾಚೆ ನಿಂತು ಒಂದು ನೋಟೀಸು ಚಾಚಿದಳು. ಹಳೆ ಕಾಡನ್ನು ಸರಕಿನ ಹಡಗು ನಿಲ್ಲುವ ಧಕ್ಕೆ ಕಟ್ಟಲು ಬಿಟ್ಟುಕೊಡುತ್ತಾರಂತೆ. ಆಕ್ಷೇಪವಿದ್ದವರು ಆಗಸ್ಟ್ 27ಕ್ಕೆ ಶಾಲೆಯ ಹಾಲ್‌ನಲ್ಲಿ ನಡೆಯುವ ವಿಚಾರಣೆಗೆ ಬಂದು ಹೇಳಬೇಕಂತೆ. ಕಾರಣ ಎಂದು ಎರಡು ಸಾಲು ಹಾಕಿದ್ದಾರೆ. ಆ ಎರಡು ಸಾಲು ನಿನ್ನವು. ಹಳೆ ಕಾಡಿಗೆ ಮುಪ್ಪಾಗಿದೆ, ಅದರಲ್ಲಿ ಮರಿಗಳಿಲ್ಲ. ನೆಟ್ಟ ಕಾಡು ತಾನಾಗಿ ಬೆಳೆಯುತ್ತಿರುವುದರಿಂದ ಅದರ ಸ್ಥಾನ ತುಂಬುತ್ತದೆ.

ಹಳೆ ಕಾಡಿನ ಬೆನ್ನಿಗೆ ಮೂವತ್ತೈದು ಮನೆ ಇವೆ. ಚಿಕ್ಕಮ್ಮನದು ಮೂರನೆಯದು. ನೀನು ಕಾಲೇಜಿನಲ್ಲಿದ್ದಾಗ ಬಂದ ಬಿರುಗಾಳಿಗೆ ನನ್ನ ಕಾಡಿನ ಏಳು ಸಾಲು ಚಾಪೆಯ ಹಾಗೆ ಮಲಗಿದವು. ಆ ದಡದಲ್ಲಿ ಒಂದು ಮನೆಯ ಹೆಂಚೂ ಜಾರಲಿಲ್ಲ. ಅಲೆ ಹಳೆ ಕಾಡಿನೊಳಗೆ ಹೊಕ್ಕದ್ದು ಆಚೆ ಬರುವಷ್ಟರಲ್ಲಿ ಬರೀ ನೀರಾಗಿತ್ತು. ಇದನ್ನು ನಾನು ಯಾರ ಮುಂದೆಯೂ ಹೇಳಿದವಳಲ್ಲ.

ಚಿಕ್ಕಮ್ಮ ಬಾಗಿಲಲ್ಲೇ ನಿಂತು ಹೇಳಿದ ಮಾತು ಹಾಗೇ ಬರೆಯುತ್ತೇನೆ. “ಅಕ್ಕಾ, ನಮ್ಮನೆ ಮುಂದಿನ ಮರಿ ಕಿತ್ತು ನಿಮ್ಮನೆ ಮುಂದೆ ಇಟ್ಟಿದ್ದು ನಾನೇ. ಬುಟ್ಟಿ ಹೊತ್ತಿದ್ದೂ ನಾನೇ. ನೀವು ಹೇಳಿದ್ರಿ, ನಾನು ಮಾಡ್ದೆ. ಈಗ ನೀವು ಹೇಳಿ, ನನ್ನ ಮನೆ ಯಾರ ಮುಂದೆ ಇಡ್ಲಿ?”

ನಿನ್ನ ಕೊನೆಯ ಪ್ರಶ್ನೆಗೆ ನಾನು ಇಲ್ಲ ಎಂದು ಬರೆದೆ. ಅದು ಸುಳ್ಳು.

ಒಂಬತ್ತು ವರ್ಷದ ಹಿಂದೆ ಒಬ್ಬ ಹೊಸ ಸಾಹೇಬ ತಪಾಸಣೆಗೆ ಬಂದ. ನಿನ್ನ ವಯಸ್ಸಿನವನು. ಚಹಾ ಕುಡಿದ, ಕಾಡು ಸುತ್ತಿದ, ಬೂಟಿನ ಕೆಸರು ಒರೆಸುತ್ತ ಮೂವತ್ತು ಹೆಂಗಸರ ಮುಂದೆ ಹೇಳಿದ: “ಇದು ಕಾಡಲ್ಲಮ್ಮ, ತೋಟ. ಸಾಲಾಗಿ ಒಂದೇ ಜಾತಿ ನಿಂತಿದೆ, ಕೆಳಗೆ ಒಂದು ಮರಿ ಇಲ್ಲ. ಇವು ಸತ್ತ ದಿನ ಇದೂ ಸತ್ತ ಹಾಗೆ.” ಸಣ್ಣ ಮಾತು. ಅವನಿಗೆ ಅದು ಸಂಜೆಯ ಹೊತ್ತಿಗೆ ಮರೆತೂ ಹೋಗಿರಬೇಕು. ನನಗೆ ಹೋಗಲಿಲ್ಲ. ಹದಿಮೂರು ವರ್ಷ ಬೆನ್ನು ಬಗ್ಗಿಸಿ ಎಬ್ಬಿಸಿದ್ದನ್ನು ತೋಟ ಎಂದ.

ಮುಂದಿನ ನವೆಂಬರಿನಲ್ಲಿ, ನೀರು ತೀರ ಇಳಿಯುವ ಎರಡು ದಿನ ನೋಡಿಕೊಂಡು, ನಾನು ಹೆಂಗಸರನ್ನು ಬುಟ್ಟಿ ಸಮೇತ ಹಳೆ ಕಾಡಿಗೆ ಕರೆದುಕೊಂಡು ಹೋದೆ. ಎಳೆಗಿಡವನ್ನು ಎಳೆದು ಕೀಳಬೇಡಿ, ಬೇರಿನ ಸುತ್ತ ಕೈ ಹಾಕಿ ಕೆಸರಿನ ಮುದ್ದೆ ಸಮೇತ ಎತ್ತಿ ಎಂದು ಹೇಳಿಕೊಟ್ಟೆ. ಎಲ್ಲ ಜಾತಿಯದೂ ಆರಿಸಿದೆವು. ನಮ್ಮ ದಡಕ್ಕೆ ತಂದು ಇಡುವಾಗ ಹೆಂಗಸರು ರೂಢಿಯ ಮೇಲೆ ಸಾಲು ಹಿಡಿದರು. ನಾನು ಗದರಿದೆ. ಸಾಲು ಬೇಡ, ಕಣ್ಣು ಮುಚ್ಚಿ ಬುಟ್ಟಿಯಿಂದ ಬಿದ್ದ ಕಡೆ ಇಡಿ ಎಂದೆ. ನೀನು ಕೆಸರಿನಲ್ಲಿ ಕೂತು ಎರಡು ಸಲ ಎಣಿಸಿದೆಯಲ್ಲ, ನೀರು ತಂದು ಬಿಟ್ಟ ಹಾಗೆ ಎಂದೆಯಲ್ಲ, ಅದು ನೀರಲ್ಲ. ನಿನ್ನ ತಾಯಿ.

ಡಿಸೆಂಬರಿನ ತಪಾಸಣೆಗೆ ಅದೇ ಸಾಹೇಬ ಬಂದು ಬಾಯಿ ತೆರೆದು ನಿಂತ. ಆ ವರ್ಷವೇ ಪ್ರಶಸ್ತಿ ಬಂದದ್ದು, ರಸ್ತೆಯ ತಿರುವಿನಲ್ಲಿ ನನ್ನ ಹೆಸರಿನ ಬೋರ್ಡು ನಿಂತದ್ದು. ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ಆ ಗಿಡಗಳಲ್ಲಿ ಹತ್ತಕ್ಕೆ ಒಂಬತ್ತು ಸತ್ತವು. ನಮ್ಮ ದಡದ ಕೆಸರು ಬೂದಿ ಬಣ್ಣದ್ದು, ಮರಳು ಜಾಸ್ತಿ, ಅವಕ್ಕೆ ಒಗ್ಗಲಿಲ್ಲ. ಮುಂದಿನ ನವೆಂಬರಿಗೆ ಮತ್ತೆ ತಂದೆವು. ಹೀಗೆ ಒಂಬತ್ತು ವರ್ಷ. ಹಳೆ ಕಾಡಿನಲ್ಲಿ ಮರಿಗಳಿಲ್ಲದಿರುವುದು ಮುಪ್ಪಿನಿಂದಲ್ಲ. ನಾನು ತೊಟ್ಟಿಲು ಬರಿದು ಮಾಡಿದ್ದರಿಂದ.

ಇದನ್ನು ಹೆಂಗಸರು ಯಾರಿಗೂ ಹೇಳಲಿಲ್ಲ. ನನ್ನ ಹೆದರಿಕೆಯಿಂದ ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಹೆದರಿಕೆಯಲ್ಲ, ಆ ಬೋರ್ಡನ್ನು ನೋಡಿ ಅವರಿಗೂ ಖುಷಿಯಿತ್ತು. ಮುಖ್ಯರಸ್ತೆಯಲ್ಲಿ ಬಸ್ಸಿಂದ ಇಳಿದವರು ಅದನ್ನು ಓದುತ್ತಾರಲ್ಲ.

ನನ್ನ ತಪ್ಪು ನನ್ನದು. ಆದರೆ ನಿನ್ನದೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ನೀನು ಎಣಿಸಿದ್ದು ಜನವರಿಯಲ್ಲಿ, ಒಂದೇ ಸಲ. ವರದಿ ತಡೆದಿಟ್ಟು, ಮಳೆಗಾಲ ಶುರುವಾದ ಮೇಲೆ ಇನ್ನೊಮ್ಮೆ ಬಂದಿದ್ದರೆ ನಿನ್ನ ಇಪ್ಪತ್ತೈದು ಎರಡಾಗಿರುವುದು ಕಾಣುತ್ತಿತ್ತು. ಇಷ್ಟು ಓದಿದವಳಿಗೆ ಅದು ತಿಳಿಯದ್ದಲ್ಲ. ಬರಲಿಲ್ಲ, ಯಾಕೆಂದರೆ ಬಂದರೆ ನನ್ನ ಮನೆಯ ಮುಂದೆ ಹಾದುಹೋಗಬೇಕಾಗುತ್ತಿತ್ತು.

ವಿಚಾರಣೆಗೆ ಏಳು ವಾರ ಇದೆ. ನೀನು ಏನು ಮಾಡುತ್ತೀಯ, ಬರೆ.

ನಿನ್ನ ತಾಯಿ

*

ಜುಲೈ 25

ಅಮ್ಮಾ,

ನಿನ್ನ ಕಾಗದವನ್ನು ನಾನು ಕೂತು ಓದಲಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ನಿಂತು ಓದಿದೆ, ಆಮೇಲೆ ಕೂತೆ.

ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು ಎಂದು ಕೇಳಿದ್ದೆ. ಎರಡೂ ಎರಡೆರಡೇ ಅಕ್ಷರ. ಸರಿಯಾದದ್ದನ್ನು ಬರೆಯಲು ನಿನಗೆ ಆಗಲಿಲ್ಲ. ನನ್ನ ಜೊತೆಯವರು ಯಾರಾದರೂ ಈ ಕೆಲಸಕ್ಕೆ ಬಂದಿದ್ದರೆ ಊರಿನವರ ಮಾತು ನಂಬದೆ ಗಿಡ ಕಿತ್ತು ಬೇರು ನೋಡುತ್ತಿದ್ದರು. ನಾನು ನೋಡಲಿಲ್ಲ. ಯಾಕೆ ಗೊತ್ತಾ? ನೀನು ಸಿಟ್ಟಿನವಳು, ಕಲ್ಲು ಮನಸ್ಸಿನವಳು, ಏನು ಬೇಕಾದರೂ ಅನ್ನಬಹುದು, ಆದರೆ ನಮ್ಮಮ್ಮ ಸುಳ್ಳು ಹೇಳುವವಳಲ್ಲ ಎಂದು ನಾನು ಈ ನಾಲ್ಕು ವರ್ಷ ನನ್ನ ಗಂಡನ ಹತ್ತಿರ ಹೇಳುತ್ತ ಬಂದಿದ್ದೆ. ನಿನ್ನ ಬಗ್ಗೆ ಒಳ್ಳೆಯದೆಂದು ಹೇಳಲು ನನ್ನಲ್ಲಿ ಉಳಿದಿದ್ದದ್ದು ಅದೊಂದೇ.

ಮಳೆಗಾಲದಲ್ಲಿ ಬರಲಿಲ್ಲ, ನಿಜ. ಕಾರಣವೂ ನೀನು ಹೇಳಿದ್ದೇ. ಚುಚ್ಚುವುದು ನಿನಗೆ ಚೆನ್ನಾಗಿ ಬರುತ್ತದೆ.

ಈಗ ನಾನು ಹೇಳುವುದನ್ನು ದಯವಿಟ್ಟು ಕೇಳು. ವಿಚಾರಣೆಗೆ ಹೋಗಬೇಡ. ಹೋದರೂ ಬಾಯಿ ಬಿಡಬೇಡ. ಡಿಸೆಂಬರಿನಲ್ಲಿ ನನ್ನ ಕೆಲಸ ಕಾಯಂ ಆಗುತ್ತದೆ. ಅಲ್ಲಿಯವರೆಗೆ ನನ್ನ ಮೇಲೆ ಒಂದು ಕಪ್ಪು ಚುಕ್ಕೆ ಬಿದ್ದರೂ ಮನೆಗೆ ಕಳಿಸುತ್ತಾರೆ. ಅದಾದ ಮೇಲೆ ನಾನೇ ಎರಡನೇ ಸಲ ಎಣಿಸಿ, ಎಳೆಗಿಡಗಳು ಉಳಿಯುತ್ತಿಲ್ಲ ಎಂದು ತಿದ್ದುಪಡಿ ಬರೆಯುತ್ತೇನೆ. ಯಾರ ಹೆಸರೂ ಬರುವುದಿಲ್ಲ, ನಿನ್ನದೂ ಕೂಡ. ಧಕ್ಕೆಯ ಕೆಲಸ ಜನವರಿಗೆ ಮೊದಲು ಶುರುವಾಗುವುದಿಲ್ಲ ಎಂದು ಕೇಳಿ ತಿಳಿದುಕೊಂಡಿದ್ದೇನೆ. ಸಮಯವಿದೆ. ಐದು ತಿಂಗಳು ಸುಮ್ಮನಿರು ಎಂದು ಮಾತ್ರ ಕೇಳುತ್ತಿದ್ದೇನೆ. ಒಂಬತ್ತು ವರ್ಷ ಸುಮ್ಮನಿದ್ದವಳಿಗೆ ಇದು ದೊಡ್ಡದಲ್ಲ.

ನಿನ್ನನ್ನು ನಾನು ಈವರೆಗೆ ಏನೂ ಕೇಳಿಲ್ಲ. ಮದುವೆಯನ್ನೂ ಕೇಳಲಿಲ್ಲ ಎಂದು ನೀನೇ ಬರೆದೆ. ಇದನ್ನು ಕೇಳುತ್ತಿದ್ದೇನೆ.

ನಿನ್ನ ಮಗಳು

*

ಆಗಸ್ಟ್ 31

ಮಗಳಿಗೆ,

ನೀನು ಸಮಯವಿದೆ ಎಂದು ಬರೆದ ವಾರವೇ ಹಳೆ ಕಾಡಿನ ಬಾಯಲ್ಲಿ ಮರಗಳಿಗೆ ಕೆಂಪು ಬಣ್ಣ ಹಚ್ಚಿದರು. ಗುರುತು ಹಾಕಲು ಬಂದವನನ್ನು ಕೇಳಿದೆ. ವಿಚಾರಣೆ ಮುಗಿದ ಮರುವಾರವೇ ಕಡಿಯುವ ಕೆಲಸ, ಧಕ್ಕೆ ಕಟ್ಟುವುದು ಮಾತ್ರ ಜನವರಿಗೆ ಎಂದ. ನಿನಗೆ ಹೇಳಿದವರು ಕಟ್ಟುವುದನ್ನಷ್ಟೇ ಹೇಳಿದ್ದಾರೆ, ನೀನೂ ಅಷ್ಟನ್ನೇ ಕೇಳಿದ್ದೀಯ. ಕಡಿದ ಮೇಲೆ ನಿನ್ನ ತಿದ್ದುಪಡಿಯನ್ನು ಯಾವ ಮರಕ್ಕೆ ಓದಿ ಹೇಳಬೇಕಾಗಿತ್ತು?

ವಿಚಾರಣೆ ಶಾಲೆಯ ಹಾಲ್‌ನಲ್ಲಿ ನಡೆಯಿತು. ಮಕ್ಕಳ ಬೆಂಚು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಮೇಜಿನ ಹಿಂದೆ ಮೂವರು ಸಾಹೇಬರು, ನಡುವಿನವರು ನಿನ್ನ ಮೂಲಕ ನನಗೆ ನಮಸ್ಕಾರ ಹೇಳಿ ಕಳಿಸಿದವರು. ಆ ಮೂವತ್ತೈದು ಮನೆಯವರು ಗೋಡೆಗೆ ಒರಗಿ ನಿಂತಿದ್ದರು. ಸಂಘದ ಹೆಂಗಸರು ಮುಂದಿನ ಬೆಂಚಿನಲ್ಲಿ. ಮೊದಲು ನನ್ನನ್ನೇ ಕರೆದರು, ನೆಟ್ಟ ಕಾಡಿನ ಬಗ್ಗೆ ಎರಡು ಒಳ್ಳೆಯ ಮಾತಾಡಲಿ ಎಂದು.

ನಾನು ನಿನಗೆ ಬರೆದದ್ದನ್ನೇ ಹೇಳಿದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಸಾಹೇಬರು ಒಳ್ಳೆಯವರು, ನನಗೊಂದು ದಾರಿ ಮಾಡಿಕೊಟ್ಟರು. “ಅಮ್ಮಾ, ನಿಮಗೆ ವಯಸ್ಸಾಯ್ತು. ಯಾವ ವರ್ಷ ಏನು ಮಾಡಿದ್ವಿ ಅನ್ನೋದು ಕಲಸಿಹೋಗಿರಬಹುದು. ಮನೆಗೆ ಹೋಗಿ ಯೋಚನೆ ಮಾಡಿ, ನಾಳೆ ಬನ್ನಿ.” ನನ್ನ ತಲೆ ಕಲಸಿಲ್ಲ, ದೋಣಿ ತಯಾರಿದೆ, ಬಂದು ನೋಡಿ ಎಂದೆ.

ಬಂದರು. ನೀನು ಹಗ್ಗ ಕಟ್ಟಿದ ಮೂರನೆಯ ಚೌಕಕ್ಕೆ ಕರೆದುಕೊಂಡು ಹೋದೆ. ಮೂವತ್ತು ಇದ್ದ ಕಡೆ ಮೂರು ಬದುಕಿದ್ದವು. ಒಂದರ ಬುಡಕ್ಕೆ ಕೈ ಹಾಕಿ ಎತ್ತಿದೆ. ಸುತ್ತ ಬೂದಿ ಬಣ್ಣದ ಮರಳು ಕೆಸರು, ಬೇರಿನ ನಡುವೆ ಮಾತ್ರ ಕಾಡಿಗೆಯಂಥ ಕಪ್ಪು ಮುದ್ದೆ. ಇನ್ನೆರಡನ್ನೂ ಅವರ ಕೈಯಿಂದಲೇ ಎತ್ತಿಸಿದೆ. ಆ ಕಪ್ಪು ಕೆಸರು ಅಳಿವೆಯಲ್ಲಿ ಎಲ್ಲಿದೆ ಎಂದು ದಡದಲ್ಲಿ ನಿಂತ ಯಾರನ್ನಾದರೂ ಕೇಳಿ ಎಂದೆ. ಕೇಳಲಿಲ್ಲ. ದೋಣಿ ದಾಟುವಾಗ ಹಳೆ ಕಾಡಿನ ಬುಡದಲ್ಲಿ ಅದನ್ನು ಅವರೇ ನೋಡಿದ್ದರು.

ಆಮೇಲೆ ನಿನ್ನ ವಿಷಯ ಬಂತು. ಮಗಳಿಗೆ ಇದು ಗೊತ್ತಿತ್ತೇ ಎಂದರು. ಅವಳು ಬರೆದು ಕೇಳಿದ್ದಳು, ನಾನು ಬರೆದು ಇಲ್ಲ ಎಂದೆ ಎಂದು ಹೇಳಿ, ನಿನ್ನ ಫೆಬ್ರವರಿಯ ಕಾಗದ ಕೊಟ್ಟೆ. ನನ್ನ ಉತ್ತರ ಅವಳ ಹತ್ತಿರ ಇರುತ್ತದೆ, ತರಿಸಿಕೊಳ್ಳಿ ಎಂದೆ. ನಡುವಿನ ಸಾಹೇಬರು ಅದನ್ನು ಓದಿ, ಕೇಳಿದ್ದು ಸರಿ, ಆದರೆ ಒಂದೇ ಸಲ ಎಣಿಸಿದ್ದು ಯಾಕೆ ಎಂದು ಪಕ್ಕದವರಿಗೆ ಮೆಲ್ಲಗೆ ಹೇಳಿದರು. ನನಗೆ ಕೇಳಿಸಿತು. ಅದಕ್ಕೆ ನಾನು ಉತ್ತರ ಹೇಳಲಿಲ್ಲ. ಅದು ಅವರು ನಿನ್ನನ್ನೇ ಕೇಳಬೇಕಾದದ್ದು, ನೀನೇ ಹೇಳಬೇಕಾದದ್ದು.

ಹಳೆ ಕಾಡನ್ನು ಕಡಿಯುವ ಕೆಲಸಕ್ಕೆ ತಡೆ ಹಾಕಿದ್ದಾರೆ. ಎರಡು ವರ್ಷ ಆ ಕಾಡಿನೊಳಗೆ ಯಾರೂ ಕಾಲಿಡದೆ, ಆರಾರು ತಿಂಗಳಿಗೆ ಮರಿಗಳನ್ನು ಎಣಿಸಿ, ಆಮೇಲೆ ನೋಡೋಣ ಎಂದಿದ್ದಾರೆ. ಪೂರ್ತಿ ಉಳಿಯಿತು ಎಂದು ಹೇಳುವ ಹಾಗಿಲ್ಲ. ಎಣಿಸಲು ಬೇರೆಯವರನ್ನು ಕಳಿಸುತ್ತಾರಂತೆ.

ಸಂಘದವರು ಮರುದಿನವೇ ಸಭೆ ಕರೆದರು. ನನ್ನನ್ನು ಕರೆಯದೆ ನಡೆದ ಮೊದಲ ಸಭೆ. ನೆಡುವ ಕೆಲಸ ಈ ವರ್ಷ ನಮಗೆ ಸಿಗುವುದಿಲ್ಲ, ಸಂಘದ ಮೂವತ್ತು ಮನೆಯವರೂ ನನಗೆ ಶಾಪ ಹಾಕುತ್ತಿದ್ದಾರೆ. ಹಾಕಲಿ. ಬಲೆ ಹೆಣೆಯುವವಳು ಎದುರು ಸಿಕ್ಕಾಗ, “ಅಷ್ಟು ವರ್ಷ ನಮ್ಮ ಬಾಯಿ ಮುಚ್ಚಿಸಿದ್ರಿ ದೊಡ್ಡಕ್ಕ, ಈಗ ಒಬ್ರೇ ಹೋಗಿ ಬಾಯಿ ತೆರೆದ್ರಿ” ಎಂದಳು. ಚಿಕ್ಕಮ್ಮನ ಮನೆ ಉಳಿಯಿತು, ಆದರೆ ಅವಳೂ ಬಂದಿಲ್ಲ. ಬರುತ್ತಾಳೆ ಎಂದು ಮಾಡಿದ್ದಲ್ಲ. ಬೋರ್ಡು ಇನ್ನೂ ತೆಗೆದಿಲ್ಲ. ತೆಗೆಯಲು ಇಬ್ಬರು ಗಂಡಸರು ಬೇಕು, ಯಾರಿಗೂ ಪುರುಸೊತ್ತಿಲ್ಲವಂತೆ.

ಈ ಸಲ ಆಯ್ದಿಟ್ಟ ಕೋಡುಗಳು ನೆರಳು ಮನೆಯಲ್ಲಿ ಎಂಟು ಸಾವಿರ ಇದ್ದವು, ಎಲ್ಲವೂ ಹಳೆ ಕಾಡಿನವೇ. ನಿನ್ನೆ ಉಬ್ಬರದ ಹೊತ್ತಿಗೆ ದೋಣಿಗೆ ತುಂಬಿಕೊಂಡು ಹೋಗಿ, ಹಳೆ ಕಾಡಿನ ಬಾಯಲ್ಲಿ ನೀರಿಗೆ ಬಿಟ್ಟು ಬಂದೆ. ಯಾವುದು ಎಲ್ಲಿ ನಿಲ್ಲಬೇಕೆಂದು ನಾನು ಹೇಳಲಿಲ್ಲ. ಬೆನ್ನು ನೋಯುತ್ತಿದೆ.

ನಿನಗೆ ಮೇಲಿನಿಂದ ಕಾಗದ ಬಂದಿರಬಹುದು, ಇಷ್ಟರಲ್ಲಿ. ಕೆಲಸ ಹೋಗಿದ್ದರೆ ಅದಕ್ಕೆ ಕಾರಣ ನಾನು. ಫೆಬ್ರವರಿಯಲ್ಲಿ ಬರೆದ ಒಂದು ಮಾತಿನಿಂದ ಅರ್ಧ, ಆಗಸ್ಟಿನಲ್ಲಿ ಹೇಳಿದ ಮಾತಿನಿಂದ ಅರ್ಧ. ಕ್ಷಮಿಸು ಎಂದು ಬರೆದರೆ ನೀನು ಏನಾದರೂ ಉತ್ತರ ಬರೆಯಲೇಬೇಕಾಗುತ್ತದೆ, ಆ ಭಾರ ನಿನ್ನ ಮೇಲೆ ಹಾಕುವುದಿಲ್ಲ.

ಬೇಡ ಎಂದು ನೀನು ಬರೆದ ಕಾಗದ ನನಗೆ ತಲುಪಲೇ ಇಲ್ಲ ಎಂದು ಹೇಳಬಹುದಿತ್ತು. ನಮ್ಮ ಅಂಚೆಯವನು ಹೇಗೆಂದು ನಿನಗೆ ಗೊತ್ತಿರುವುದರಿಂದ ನೀನು ನಂಬುತ್ತಲೂ ಇದ್ದೆ. ತಲುಪಿತು. ವಿಚಾರಣೆಗೆ ನಾಲ್ಕು ವಾರ ಮೊದಲೇ ತಲುಪಿತು. ಎರಡು ಸಲ ಓದಿದೆ. ಆ ಬೆಳಗ್ಗೆ ಹೊರಡುವ ಮೊದಲು ಮೂರನೆಯ ಸಲ ಓದಿ, ಮಡಚಿ, ಹೋಗಿ ಹೇಳಿಕೆಗೆ ಸಹಿ ಹಾಕಿದೆ.

ಅಮ್ಮ